ಮೆಣಸಿನಕಾಯಿ ಸೀಜನ್ನಿನ ಕ್ರಿಸ್‌ಮಸ್

ಕ್ರಿಸ್‌ಮಸ್ ಅಂದರೆ ಹಿಮ, ಜಾರುಬಂಡಿ, ಬಿಳಿ ಗಡ್ಡದ ಮುದುಕ ಎಂದು ಗ್ರೀಟಿಂಗ್ ಕಾರ್ಡುಗಳು ನಮಗೆ ಕಲಿಸಿದ್ದವು. ಬ್ಯಾಡಗಿಯಲ್ಲಿ ಅದು ಮೂಗಿಗೆ ಏರುವ ಘಾಟು. ನವೆಂಬರ್ ಮುಗಿಯುತ್ತ ಬಂದಂತೆ ಎಪಿಎಂಸಿಗೆ ಹೊಸ ಮೆಣಸಿನಕಾಯಿ ಬರಲು ಶುರುವಾಗುತ್ತದೆ. ಸೋಮವಾರ, ಗುರುವಾರ ವ್ಯಾಪಾರದ ದಿನ. ಆ ದಿನಗಳಲ್ಲಿ ಹಾವೇರಿಯಿಂದ ಬರುವ ಬಸ್ಸು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿತೋ ಇಲ್ಲವೋ, ಯಾರೋ ಒಬ್ಬರು ಸೀನುತ್ತಾರೆ. ಆಮೇಲೆ ಕಂಡಕ್ಟರನನ್ನೂ ಸೇರಿಸಿ ಇಡೀ ಬಸ್ಸು ಸೀನುತ್ತದೆ. ಪರಊರಿನವರು ಗಾಬರಿಯಾಗಿ ಕಿಟಕಿ ಮುಚ್ಚುತ್ತಾರೆ, ಊರಿನವರು ಮನೆ ಹತ್ತಿರ ಬಂತು ಎಂದು ಚೀಲ ಹುಡುಕಿಕೊಳ್ಳುತ್ತಾರೆ.

ಸರಿಯಾಗಿ ಇದೇ ಹೊತ್ತಿಗೆ ನಮ್ಮ ದೇವಾಲಯದಲ್ಲಿ ಆಗಮನ ಕಾಲದ ಮೊದಲ ಭಾನುವಾರ ಬರುತ್ತದೆ. ಕ್ರಿಸ್ತನ ಹುಟ್ಟಿಗಾಗಿ ಕಾಯುವ ನಾಲ್ಕು ವಾರ. ಮನಸ್ಸನ್ನು ಶಾಂತಗೊಳಿಸಿಕೊಳ್ಳಿ, ಗದ್ದಲ ಕಡಿಮೆ ಮಾಡಿ, ಮೌನವಾಗಿ ಕಾಯಿರಿ ಎಂದು ಪ್ರಸಂಗದಲ್ಲಿ ಹೇಳುತ್ತಾರೆ. ಅದೇ ನಾಲ್ಕು ವಾರ ನನ್ನ ಅವ್ವನಿಗೆ ತಿಂಗಳುಗಟ್ಟಲೆ ಕಾದ ಮೇಲೆ ಕೂಲಿ ಸಿಗುವ ವಾರ.

ಅವ್ವ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅಂದರೆ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ಗೋದಾಮಿನ ನೆಲದ ಮೇಲೆ ಕೆಂಪು ರಾಶಿ, ಸುತ್ತ ಹೆಂಗಸರು, ಮೂಗಿನ ಮೇಲೆ ಕಟ್ಟಿದ ಸೆರಗು. ಕಿಲೋ ಲೆಕ್ಕದಲ್ಲಿ ಕೂಲಿ. ನಮ್ಮೂರಿನ ಡಬ್ಬಿ, ಕಡ್ಡಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಬಣ್ಣವನ್ನು ಕಾರ್ಖಾನೆಯಲ್ಲಿ ತೆಗೆದು ತಿನಿಸಿಗೂ ತುಟಿಯ ರಂಗಿಗೂ ಬಳಸುತ್ತಾರೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಖ್ಯಾತಿ. ದಿನವಿಡೀ ಅದರ ಮುಂದೆ ಕೂತವರ ಕೈಯನ್ನು ಕೇಳಿದರೆ ಖಾರದ ಬಗ್ಗೆ ಬೇರೆ ಮಾತು ಹೇಳೀತು. ಕೊಬ್ಬರಿ ಎಣ್ಣೆ ಹಚ್ಚಿ, ಮಜ್ಜಿಗೆಯಲ್ಲಿ ಅದ್ದಿ, ಏನು ಮಾಡಿದರೂ ರಾತ್ರಿ ಉರಿ ಹೋಗುವುದಿಲ್ಲ. ನಾನು ಸಣ್ಣವಳಿದ್ದಾಗ ಡಿಸೆಂಬರಿನಲ್ಲಿ ಅವ್ವ ನನ್ನ ಮುಖ ಮುಟ್ಟುತ್ತಿರಲಿಲ್ಲ. ಮುಂಗೈ ತಿರುಗಿಸಿ ಗಲ್ಲಕ್ಕೆ ತಾಗಿಸುತ್ತಿದ್ದಳು.

ಹಬ್ಬದ ಒತ್ತಡ ಎಂದಾಗ ಇಂಗ್ಲಿಷಿನ ಭಕ್ತಿ ಪುಸ್ತಕಗಳು ಹೇಳುವುದು ಮಾಲ್‌ಗಳ ನೂಕುನುಗ್ಗಲು, ಉಡುಗೊರೆಗಳ ಪಟ್ಟಿ, ಪಾರ್ಟಿಗಳ ಸುಸ್ತು. ಅಂಥ ಒತ್ತಡವೂ ಇರಬಹುದು, ಇಲ್ಲ ಎನ್ನಲಾರೆ. 2024ರ ಡಿಸೆಂಬರಿನಲ್ಲಿ ನಮ್ಮ ಮನೆಯದು ಹೀಗಿತ್ತು: ನನ್ನ ಫೆಲೋಶಿಪ್ ಹಣ ಆಗಸ್ಟಿನಿಂದ ಬಂದಿರಲಿಲ್ಲ. ಆರು ತಿಂಗಳ ಪ್ರಗತಿ ವರದಿಯನ್ನು 31ರೊಳಗೆ ಒಪ್ಪಿಸಬೇಕಿತ್ತು. ವಾರಕ್ಕೆ ನಾಲ್ಕು ದಿನ ಹಾವೇರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಪಾಠ, ಮೇಲೆ ಇಂಟರ್ನಲ್ ಪತ್ರಿಕೆಗಳ ಕಟ್ಟು. ಅವ್ವನ ಸಂಘದ ಸಾಲದ ಕಂತು ಪ್ರತಿ ಮಂಗಳವಾರ. ಅಪ್ಪನ ಗೂಡ್ಸ್ ಗಾಡಿಗೆ ಹೊಸ ಟೈರು ಬೇಕಿತ್ತು, ಸೀಜನ್ನಿನಲ್ಲಿ ಗಾಡಿ ನಿಂತರೆ ವರ್ಷವೇ ನಿಂತಂತೆ. ಇವೆಲ್ಲದರ ಮೇಲೆ ರಾಣೆಬೆನ್ನೂರಿಗೆ ಕೊಟ್ಟ ಅಕ್ಕನಿಗೆ ಮೊದಲ ಕೂಸು ಹುಟ್ಟಿತ್ತು. ಕೂಸಿನ ಮೊದಲ ಕ್ರಿಸ್‌ಮಸ್ಸಿಗೆ ತವರಿನಿಂದ ಬೆಳ್ಳಿ ಗೆಜ್ಜೆ, ಬೀಗರಿಗೆ ಬಟ್ಟೆ ಹೋಗಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದೇ ಇರುವುದರಲ್ಲೇ ಕೇಳಿಕೆ ಇರುತ್ತದೆ. ಇದು ಯಾವ ಧರ್ಮದ ಬೀಗರಿಗೂ ಒಂದೇ.

ಗೆಳೆಯರೆಲ್ಲ ಆ ತಿಂಗಳ 20ರಿಂದ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಹೊರಟಿದ್ದರು. ಫೋಟೋಗಳು ಬರುತ್ತಿದ್ದವು. ಜೊತೆಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಚಿತ್ರ: ಮೇಣದಬತ್ತಿ, ಗೋದಲಿ, ಕೆಳಗೆ ಹಬ್ಬದ ಗಡಿಬಿಡಿಯಲ್ಲಿ ಕ್ರಿಸ್ತನನ್ನು ಮರೆಯಬೇಡಿ ಎಂಬ ಸಾಲು. ಕಳಿಸುವವರು ಹೆಚ್ಚಾಗಿ ಗಂಡಸರು, ಅದೂ ಬೆಳಿಗ್ಗೆ ಆರೂವರೆಗೆ. ಆ ಹೊತ್ತಿಗೆ ಅವರ ಮನೆಗಳಲ್ಲಿ ಎದ್ದು ಕಸ ಹೊಡೆಯುತ್ತಿದ್ದವರು ಯಾರು ಎಂದು ನನಗೆ ಕೇಳಬೇಕೆನಿಸುತ್ತಿತ್ತು.

ಈ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಅವ್ವ ಕೇಳಿದಳು. ಡಿಸೆಂಬರ್ ಮೊದಲ ವಾರ ಮಹಿಳಾ ಕೂಟದಲ್ಲಿ ಸಭಾಪಾಲಕರು ಲೂಕನ ಸುವಾರ್ತೆಯ ಮಾರ್ಥ ಮತ್ತು ಮರಿಯರ ಪ್ರಸಂಗ ತೆಗೆದುಕೊಂಡಿದ್ದರು. ಕತೆ ಗೊತ್ತಿಲ್ಲದವರಿಗೆ ಎರಡು ಮಾತು: ಯೇಸು ಇಬ್ಬರು ಅಕ್ಕತಂಗಿಯರ ಮನೆಗೆ ಬರುತ್ತಾನೆ. ಮರಿಯ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಮಾರ್ಥ ಅತಿಥಿಗಳ ಉಪಚಾರದಲ್ಲಿ ಸುಸ್ತಾಗಿ, ತಂಗಿಗೆ ಸ್ವಲ್ಪ ಹೇಳು ಎಂದು ದೂರುತ್ತಾಳೆ. ನೀನು ಬಹಳ ವಿಷಯಗಳಿಗೆ ತಳಮಳಿಸುತ್ತೀ, ಬೇಕಾದದ್ದು ಒಂದೇ, ಅದನ್ನು ಮರಿಯ ಆರಿಸಿಕೊಂಡಳು ಎಂಬ ಅರ್ಥದ ಉತ್ತರ ಬರುತ್ತದೆ. ಎರಡು ಸಾವಿರ ವರ್ಷಗಳಿಂದ ಹಬ್ಬದ ಅಡಿಗೆ ಮಾಡುವ ಹೆಂಗಸರಿಗೆ ಈ ಕತೆ ಹೇಳುತ್ತಲೇ ಬಂದಿದ್ದಾರೆ, ಹೇಳಿ ಊಟಕ್ಕೆ ಕೂರುತ್ತಲೂ ಬಂದಿದ್ದಾರೆ.

ಅವ್ವ ಕೈ ಎತ್ತಿದಳಂತೆ. "ಅಯ್ನೋರ, ಮರಿಯ ಕುಂತ್ಲು, ಖರೆ ಐತಿ. ಆದ್ರ ಮಾರ್ಥ ಒಲಿ ಮುಂದ ಹೋಗಲಿಲ್ಲಂದ್ರ ಆವತ್ತ ರಾತ್ರಿ ಅವರೆಲ್ಲಾ ಏನ್ ಉಣತಿದ್ರಿ?"

ಎಲ್ಲರೂ ನಕ್ಕರಂತೆ. ಸಭಾಪಾಲಕರೂ ನಕ್ಕರು. ಅವ್ವ ನಗಲಿಲ್ಲವಂತೆ. ಮನೆಗೆ ಬಂದು ನನ್ನನ್ನು ಕೇಳಿದಳು, "ನೀ ಅಷ್ಟ್ ಓದೀದಿ, ನೀನರ ಹೇಳು."

ನಾನು ಓದಿದ್ದನ್ನು ಹೇಳಿದೆ. ಯೋಹಾನನ ಸುವಾರ್ತೆಯಲ್ಲಿ ಇದೇ ಮಾರ್ಥ ಮತ್ತೆ ಬರುತ್ತಾಳೆ. ಸತ್ತ ತಮ್ಮ ಲಾಜರನ ಊರ ಹೊರಗೆ, ದುಃಖದ ನಡುವೆ, ನೀನೇ ಬರಬೇಕಿದ್ದ ಕ್ರಿಸ್ತ ಎಂದು ಯೇಸುವಿನ ಎದುರು ಒಪ್ಪಿಕೊಳ್ಳುವವಳು ಮರಿಯ ಅಲ್ಲ, ಮಾರ್ಥ. ಪೇತ್ರನ ಬಾಯಲ್ಲಿ ಬಂದಾಗ ದೊಡ್ಡದೆನಿಸಿದ ಒಪ್ಪಿಗೆಯ ಮಾತೇ ಅದು. ಮುಂದಿನ ಅಧ್ಯಾಯದಲ್ಲಿ ಬೇಥಾನ್ಯದಲ್ಲಿ ಊಟ ನಡೆಯುತ್ತದೆ, ಅಲ್ಲಿ ಬಡಿಸುತ್ತಿರುವವಳೂ ಮಾರ್ಥಳೇ. ಈ ಸಲ ಅವಳನ್ನು ಯಾರೂ ತಿದ್ದುವುದಿಲ್ಲ, ಅವಳೂ ಯಾರನ್ನೂ ದೂರುವುದಿಲ್ಲ. ಕೆಲಸ ಬಿಟ್ಟಿಲ್ಲ, ತಳಮಳ ಬಿಟ್ಟಿದೆ. ನನ್ನ ಓದಿನಲ್ಲಿ ಲೂಕನ ಕತೆಗೆ ಯೋಹಾನ ಕೊಟ್ಟ ಎರಡನೇ ಭಾಗ ಅದು. ಪಂಡಿತರು ಒಪ್ಪದೇ ಇರಬಹುದು. ಅವ್ವ ಒಪ್ಪಿದಳು. "ಹಂಗಂದ್ರ ಬಡಸೋದು ತಪ್ಪಲ್ಲ," ಎಂದು ಹಿಟ್ಟು ನಾದಲು ಎದ್ದಳು.

ನನ್ನ ಸಂಶೋಧನೆ ಹತ್ತೊಂಬತ್ತನೇ ಶತಮಾನದ ಕನ್ನಡ ಕ್ರೈಸ್ತ ಸಾಹಿತ್ಯದ ಮೇಲೆ. ಕಿಟೆಲ್ ಎಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. 1853ರಲ್ಲಿ ಬಂದ ಆ ಮನುಷ್ಯ 1862ರಷ್ಟು ಹೊತ್ತಿಗೆ 'ಕಥಾಮಾಲೆ' ಎಂಬ ಹೆಸರಿನಲ್ಲಿ ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ್ದ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಅಷ್ಟಾಗಿ ಗೊತ್ತಿಲ್ಲ. ನಿಘಂಟಿಗಿಂತ ಮೂವತ್ತೆರಡು ವರ್ಷ ಮೊದಲು. ಮುಂದೆ ಅವನು 'ಶಬ್ದಮಣಿದರ್ಪಣ', 'ಛಂದೋಂಬುಧಿ'ಗಳನ್ನು ಸಂಪಾದಿಸಿದ್ದನ್ನು ಈ ಕವಿತೆಯ ಬೆಳಕಿನಲ್ಲಿ ನೋಡಬೇಕು ಎಂಬುದು ನನ್ನ ಒಂದು ಅಧ್ಯಾಯ. ಡಿಸೆಂಬರಿನಲ್ಲಿ ಈ ವಿಷಯ ಒಂದು ವಿಚಿತ್ರ ಪೇಚಿಗೆ ಸಿಕ್ಕಿಸುತ್ತದೆ. ಹನ್ನೊಂದು ತಿಂಗಳು ಕ್ರಿಸ್ತನ ಜನನವನ್ನು ಪಠ್ಯವಾಗಿ ಓದಿ, ಪದಗಳ ಕೆಳಗೆ ಗೆರೆ ಎಳೆದು, ಅನುವಾದದ ರಾಜಕಾರಣ ಎಂದೆಲ್ಲ ಬರೆದು, ಹನ್ನೆರಡನೇ ತಿಂಗಳು ಮನೆಗೆ ಬಂದರೆ ಅವ್ವ "ಪ್ರಾರ್ಥನಿ ನೀ ಮಾಡು" ಎನ್ನುತ್ತಾಳೆ. ಬಾಯಿ ತೆರೆದರೆ ಅಡಿಟಿಪ್ಪಣಿ ಬರುತ್ತದೇನೋ ಎಂದು ಹೆದರಿಕೆ.

ಒಂದು ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಓದಿದ ಮೇಲೆ ಹಿರಿಯರೊಬ್ಬರು ಎದ್ದು, ಬಹಳ ಸೌಜನ್ಯದಿಂದಲೇ, ನಿಮ್ಮ ಕಡೆಯವರು ಹೆಚ್ಚಾಗಿ ಗಂಜಿಗಾಗಿ ಹೋದವರಲ್ಲವೇ ಎಂದರು. ಆಗ ಅಂಕಿಅಂಶ, ಜಾತಿ, ಶಿಕ್ಷಣ ಎಂದು ಶಾಸ್ತ್ರೀಯವಾಗಿ ಉತ್ತರಿಸಿದೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ನಮ್ಮ ಮನೆಯ ಮಟ್ಟಿಗೆ ಅವರ ಮಾತೂ ಸರಿ. 1876ರಿಂದ 78ರವರೆಗಿನ ಬರದಲ್ಲಿ ಈ ಬಯಲುಸೀಮೆ ಹೇಗೆ ಸತ್ತಿತು ಎಂಬುದನ್ನು ಗೆಜೆಟಿಯರುಗಳಲ್ಲಿ ಓದಬಹುದು. ಆಗ ಬಾಸೆಲ್ ಮಿಶನ್ನಿನವರು ಧಾರವಾಡ ಸೀಮೆಯಲ್ಲಿ ಬರದ ಅನಾಥ ಮಕ್ಕಳನ್ನು ತೆಗೆದುಕೊಂಡರು. ಅವ್ವನ ಅಜ್ಜಿಯ ಅಜ್ಜಿ ಹಾಗೆ ಉಳಿದ ಕೂಸು ಎಂಬುದು ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ವರದಿಗಳಲ್ಲಿ ಮಕ್ಕಳು ಸಂಖ್ಯೆಗಳಾಗಿ ಬರುತ್ತಾರೆ, ಹೆಸರಾಗಿ ಬರುವುದು ಅಪರೂಪ.

ಗಂಜಿ ಕುಡಿದು ಉಳಿದದ್ದರಲ್ಲಿ ನಾಚಿಕೆಪಡಲು ಏನಿದೆ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಈ ವಿಶ್ವಾಸದ ಮುಖ್ಯ ಸಂಸ್ಕಾರವೇ ರೊಟ್ಟಿ ಮುರಿದು ತಿನ್ನುವುದು. ಯೇಸು ಹುಟ್ಟಿದ ಊರಿನ ಹೆಸರು ಬೇತ್ಲೆಹೇಮ್, ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದರ್ಥ. ಅರಬರ ಕಿವಿಗೆ ಅದೇ ಹೆಸರು ಮಾಂಸದ ಮನೆ ಎಂದು ಕೇಳಿಸುತ್ತದೆ. ಭಾಷಾಶಾಸ್ತ್ರದವರಿಗೆ ಇದು ಒಳ್ಳೆಯ ವ್ಯಾಯಾಮ. ಕೂಸನ್ನು ಮಲಗಿಸಿದ್ದು ಗೋದಲಿಯಲ್ಲಿ, ಅಂದರೆ ದನ ಮೇವು ತಿನ್ನುವ ಜಾಗದಲ್ಲಿ. ನಮ್ಮ ಕಡೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಹಿತ್ತಲಿಗೆ ಹೋದರೆ ಕಾಣುತ್ತದೆ. ಹಸಿದವಳಿಗೆ ಮೊದಲು ಸಿಕ್ಕಿದ್ದು ಗಂಜಿ, ಆಮೇಲೆ ಹಾಡು, ಆಮೇಲೆ ಅಕ್ಷರ. ಆ ಅನುಕ್ರಮ ನನಗೆ ಸರಿಯಾಗಿಯೇ ತೋರುತ್ತದೆ.

ಆದ್ದರಿಂದ 8ನೇ ತಾರೀಖು, ಆಗಮನದ ಎರಡನೇ ಭಾನುವಾರ, ಮನೆಯಲ್ಲಿ ಖರ್ಚಿನ ಲೆಕ್ಕಕ್ಕೆ ಕೂತಾಗ ನಡೆದದ್ದು ಪೂರ್ತಿ ಅನಿರೀಕ್ಷಿತವೇನಲ್ಲ. ನಾನು ಹಾಳೆಯಲ್ಲಿ ಬರೆದುಕೊಂಡಿದ್ದೆ: ಮನೆಗೆ ಬಣ್ಣ, ಬಟ್ಟೆ, ಗೆಜ್ಜೆ, ಕೇಕು, ಓಣಿಗೆ ತಿನಿಸು. ನನ್ನ ಸಲಹೆ ಓಣಿಯ ತಿನಿಸು ಈ ವರ್ಷ ಬೇಡ ಎಂಬುದು. ಇಪ್ಪತ್ತೆರಡು ಮನೆ. ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ, ಒಂದು ತುಂಡು ಕೇಕು. ಎಣ್ಣೆ, ಮೈದಾ, ಸಕ್ಕರೆ, ಕೊಬ್ಬರಿ, ಗ್ಯಾಸು, ಜೊತೆಗೆ ಎರಡು ದಿನದ ಕೂಲಿ ಹೋದದ್ದು.

"ಅದೊಂದ್ ಬಿಟ್ಟು ಬ್ಯಾರೆ ಏನ್ ಬೇಕಾದ್ರೂ ತಗಿ," ಎಂದಳು ಅವ್ವ.

"ಯವ್ವಾ, ದುಡ್ಡಿಲ್ಲ ಬೇ. ಓಣ್ಯಾಗ ಯಾರೂ ತಪ್ಪ ತಿಳಿಯಂಗಿಲ್ಲ."

"ಅವರು ತಿಳಿಯಂಗಿಲ್ಲ. ದೀಪಾವಳಿಗೆ ಅವರೆಲ್ಲಾ ಕೊಟ್ಟದ್ದು ನೀನೂ ತಿಂದಿ. ಅದ್ಕಲ್ಲ ನಾ ಹೇಳೋದು. ಸುಣ್ಣ ಬಣ್ಣ ಬ್ಯಾಡ, ನನಗ ಸೀರಿ ಬ್ಯಾಡ, ನಿಮ್ಮಪ್ಪಗ ಅಂಗಿ ಬ್ಯಾಡ. ನಾವು ಉಂಡು ಬದುಕಿದ ಮಂದಿ. ಆವತ್ತಿನ ದಿನ ಉಣ್ಣಸಲಿಲ್ಲ ಅಂದ್ರ ಅದು ಯಾರ ಹಬ್ಬ?"

ಕ್ರಿಸ್ತನನ್ನು ಹಬ್ಬದ ಕೇಂದ್ರದಲ್ಲಿ ಇಡುವುದು ಎಂದರೆ ಖರ್ಚು, ತಿನಿಸು, ಓಡಾಟ ಎಲ್ಲವನ್ನೂ ಒಂದು ಕಡೆ, ಪ್ರಾರ್ಥನೆಯನ್ನು ಇನ್ನೊಂದು ಕಡೆ ಇಟ್ಟು ತೂಗುವುದು ಎಂದು ನಾನು ಅಂದುಕೊಂಡಿದ್ದೆ. ಅವ್ವ ಗೆರೆ ಎಳೆದದ್ದು ಬೇರೆ ಜಾಗದಲ್ಲಿ. ಅವಳ ಪಟ್ಟಿಯಲ್ಲಿ ಚಕ್ಕುಲಿ ಈ ಕಡೆಗೆ ಬಂತು, ನಮ್ಮ ಹೊಸ ಬಟ್ಟೆ ಆ ಕಡೆಗೆ ಹೋಯಿತು. ಗೆಜ್ಜೆಯ ವಿಷಯದಲ್ಲಿ ಮಾತ್ರ ಅಪ್ಪ ಹಟ ಹಿಡಿದ. ಟೈರು ಮುಂದಕ್ಕೆ ಹೋಯಿತು, ಗೆಜ್ಜೆ ಬಂತು. ಮೊಮ್ಮಗಳ ವಿಷಯದಲ್ಲಿ ಸುವಾರ್ತೆಯ ವಿವೇಚನೆ ನಡೆಯುವುದಿಲ್ಲ.

ಅದೇ ರಾತ್ರಿ ಎರಡನೇ ಮೇಣದಬತ್ತಿ ಹಚ್ಚಿದೆವು. ಆಗಮನದ ಈ ನಾಲ್ಕು ದೀಪಗಳ ಪದ್ಧತಿ ನೋಡಲು ಬಹಳ ಪ್ರಾಚೀನ ಎನಿಸಿದರೂ ಅಷ್ಟು ಹಳೆಯದಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶೆರ್ನ್ ಎಂಬ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಪೀಡಿಸುವುದನ್ನು ತಾಳಲಾರದೆ, ಗಾಡಿಯ ಚಕ್ರವೊಂದಕ್ಕೆ ಮೇಣದಬತ್ತಿ ನಿಲ್ಲಿಸಿದ. ವಾರದ ದಿನಗಳಿಗೆ ಸಣ್ಣವು, ಭಾನುವಾರಕ್ಕೆ ದೊಡ್ಡವು. ಕ್ರಮೇಣ ಸಣ್ಣವು ಹೋಗಿ ನಾಲ್ಕು ದೊಡ್ಡವು ಉಳಿದವು. ಈ ಕತೆ ಹೇಳಿದ್ದೇ ತಡ, ಅಪ್ಪ ಹಿತ್ತಲಿನಿಂದ ತುಕ್ಕು ಹಿಡಿದ ಸೈಕಲ್ ರಿಮ್ಮು ತಂದು ತೊಳೆದ. ನಮ್ಮ ಆಗಮನದ ಚಕ್ರ ಅದೇ. ಅವ್ವ ಗೋದಾಮಿನಿಂದ ಬರುವುದು ಏಳೂವರೆಗೆ. ಮೈ ತೊಳೆದುಕೊಂಡು, ಕೈಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾಳೆ. ಪ್ರಾರ್ಥನೆಗೆ ಕೈ ಹಿಡಿದುಕೊಂಡರೆ ಅವಳ ಉರಿ ನಮ್ಮ ಕೈಗೂ ಹತ್ತುತ್ತದೆ. ಮೂರು ನಿಮಿಷ, ಹೆಚ್ಚೆಂದರೆ ಐದು. ಕಣ್ಣು ಮುಚ್ಚಿದರೆ ಅವ್ವ ಅಲ್ಲೇ ತೂಕಡಿಸುತ್ತಾಳೆ. ಅವಳ ಆಮೆನ್ ಯಾವಾಗಲೂ ಒಂದು ಗಳಿಗೆ ತಡವಾಗಿ ಬರುತ್ತದೆ.

ಮೌನದಲ್ಲಿ ಮಾತ್ರ ಕ್ರಿಸ್ತ ಸಿಗುತ್ತಾನೆ ಎಂಬವರ ಮೇಲೆ ನನಗೆ ಸಿಟ್ಟಿಲ್ಲ. ಲೂಕನ ಎರಡನೇ ಅಧ್ಯಾಯವನ್ನು ಅವರು ಇನ್ನೊಮ್ಮೆ ಓದಲಿ ಅನ್ನಿಸುತ್ತದೆ, ಅಷ್ಟೇ. ಅದು ಶುರುವಾಗುವುದು ಸರ್ಕಾರಿ ಆದೇಶದಿಂದ. ಔಗುಸ್ತ ಚಕ್ರವರ್ತಿಯ ಜನಗಣತಿ. ಎಲ್ಲರೂ ಅವರವರ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ದಾಖಲೆಗಾಗಿ ತುಂಬು ಬಸುರಿಯೊಂದಿಗೆ ಊರಿನಿಂದ ಊರಿಗೆ ಅಲೆಯುವುದು, ಇಳಿಯಲು ಜಾಗ ಸಿಗದಿರುವುದು, ಮೊದಲ ಸುದ್ದಿ ರಾತ್ರಿ ಪಾಳಿಯಲ್ಲಿದ್ದ ಕುರಿ ಕಾಯುವವರಿಗೆ ಮುಟ್ಟುವುದು. ಕುರುಬರ ಕನಕದಾಸರ ಕಾಗಿನೆಲೆ ನಮ್ಮ ತಾಲೂಕಿನಲ್ಲೇ ಇದೆ. ಕುರಿ ಕಾಯುವವರಿಗೆ ದೇವರು ಮೊದಲು ಕಂಡ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆ ಇಡೀ ಅಧ್ಯಾಯದಲ್ಲಿ ವಿರಾಮದಲ್ಲಿ ಇರುವವರು ಯಾರೂ ಇಲ್ಲ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು, ಒಂದು ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು, ಒಂದು ಕೈಯಲ್ಲಿ ಕಂಬ, ಹಾವೇರಿಯಿಂದ ನಿಂತುಕೊಂಡೇ ಬರುವಾಗ ನನಗೆ ಆ ಅಧ್ಯಾಯ ಗ್ರಂಥಾಲಯದಲ್ಲಿ ತಿಳಿದದ್ದಕ್ಕಿಂತ ಹೆಚ್ಚು ತಿಳಿದಿದೆ.

ಇನ್ನೊಂದು ಭಾರವನ್ನು ಹೇಳದೆ ಬಿಟ್ಟರೆ ಈ ತಿಂಗಳ ಲೆಕ್ಕ ಪೂರ್ತಿಯಾಗುವುದಿಲ್ಲ. 2021ರ ಡಿಸೆಂಬರ್ 23ರಂದು ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧದ ಮಸೂದೆಯನ್ನು ಅಂಗೀಕರಿಸಿತು, ಹಬ್ಬಕ್ಕೆ ಎರಡು ದಿನ ಇರುವಾಗ. 2022ರಲ್ಲಿ ಅದು ಕಾಯ್ದೆಯಾಯಿತು, 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಚರ್ಚೆ ಬೇರೆಡೆ ಮಾಡೋಣ. ನಮ್ಮ ಮಟ್ಟಿಗೆ ಆದದ್ದು ಇಷ್ಟು: ಆ ವರ್ಷದಿಂದ ಕ್ಯಾರಲ್ಸಿಗೆ ಹೊರಡುವ ಮುಂಚೆ ದೊಡ್ಡವರು ಯಾವ ಓಣಿ ಬೇಕು, ಯಾವುದು ಬೇಡ ಎಂದು ಸಣ್ಣ ದನಿಯಲ್ಲಿ ಮಾತಾಡತೊಡಗಿದರು. ಡೋಲಕ್ಕಿನ ಸದ್ದು ಕಡಿಮೆಯಾಯಿತು. ಹಾಡಲು ಹೆದರುವುದು ಒಂದು ತರಹದ ಸುಸ್ತು, ಅದಕ್ಕೆ ಯಾವ ಭಕ್ತಿ ಪುಸ್ತಕದಲ್ಲೂ ಪರಿಹಾರ ಬರೆದಿಲ್ಲ.

2024ರಲ್ಲಿ 21ರ ರಾತ್ರಿ ಹೋದೆವು. ಹದಿನಾಲ್ಕು ಜನ, ಒಂದು ಡೋಲಕ್, ಒಂದು ಗಿಟಾರು, ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ. ವಿಶ್ವಾಸಿಗಳ ಮನೆಗಳು ಮಾತ್ರ ಎಂದು ನಿಶ್ಚಯಿಸಿಯೇ ಹೊರಟಿದ್ದು. ನಮ್ಮ ಮನೆಯ ಮುಂದೆ ಹಾಡಿ ಮುಂದಿನ ಓಣಿಗೆ ತಿರುಗುವಾಗ ಎದುರು ಮನೆಯ ಅಮ್ಮಾರು ಕಟ್ಟೆಯ ಮೇಲೆ ಬಂದು ನಿಂತರು. ಶಾಲು ಹೊದ್ದು, ಹಣೆಗೆ ವಿಭೂತಿ. "ನಮ್ಮನಿ ಮುಂದ ಯಾಕ ಹಾಡಲಿಲ್ಲ? ವರ್ಷಾ ಹಾಡತಿದ್ರಲ್ಲ. ಏನ್ ಸಿಟ್ಟೈತಿ ನಮ್ಮ ಮ್ಯಾಲ?"

ಗಿಟಾರಿನ ಹುಡುಗ ನಮ್ಮ ಮುಖ ನೋಡಿದ. ಯಾವ ಹಾಡು ಎಂದು ಯಾರೂ ಮಾತಾಡಿಕೊಳ್ಳಲಿಲ್ಲ, ಶುರುವಾಗಿಬಿಟ್ಟಿತು. ಡೋಲಕ್ಕಿನವನು ಮೂರು ವರ್ಷದ ಬಾಕಿ ತೀರಿಸುವವನ ಹಾಗೆ ಬಾರಿಸಿದ. ಹಾಡು ಮುಗಿದ ಮೇಲೆ ಅಮ್ಮಾರು ಎಲ್ಲರ ಕೈಗೂ ಶೇಂಗಾದ ಉಂಡೆ ಕೊಟ್ಟು, ನನ್ನನ್ನು ಹಿಡಿದು, "ಏನವಾ, ನಿಂದು ಓದು ಮುಗಿಯೂದು ಯಾವಾಗ?" ಎಂದು ಕೇಳಿದರು. ಕ್ರಿಸ್‌ಮಸ್ಸಿನ ಒತ್ತಡಗಳಲ್ಲಿ ಈ ಪ್ರಶ್ನೆಯನ್ನು ಸೇರಿಸಲು ಮರೆತಿದ್ದೆ.

23 ಸೋಮವಾರ. ವ್ಯಾಪಾರದ ದಿನ. ಅವ್ವ ಕೆಲಸಕ್ಕೆ ಹೋದಳು. ಅಕ್ಕ ಕೂಸಿನೊಂದಿಗೆ ರಾಣೆಬೆನ್ನೂರಿನಿಂದ ಬಂದಳು, ಗೆಜ್ಜೆ ಕೂಸಿನ ಕಾಲಿಗೆ ಒಂದು ಬೆರಳು ದೊಡ್ಡದಾಯಿತು. ಅಕ್ಕನೂ ನಾನೂ ಸೇರಿ ಕರ್ಚಿಕಾಯಿಗೆ ಕೂತೆವು. ರಾತ್ರಿ ಅವ್ವ ಬಂದಾಗ ಕರಿಯುವುದು ಬಾಕಿ ಇತ್ತು. ಅವ್ವನ ಕೈಯ ಖಾರ ಹಿಟ್ಟಿಗೆ ತಾಗಬಾರದು ಎಂದು ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಕೂಸನ್ನು ಎತ್ತಿಕೊಳ್ಳಲೂ ಬಿಡಲಿಲ್ಲ. ಅವಳಿಗೆ ಮಾಡಲು ಯಾವ ಕೆಲಸವೂ ಉಳಿಯಲಿಲ್ಲ. ಗೋಡೆಗೆ ಒರಗಿ ಕೂತು, ಎಣ್ಣೆ ಹಚ್ಚಿದ ಕೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಅವಳು ಹಾಡಲು ಶುರು ಮಾಡಿದಳು. ಅವಳ ಅಜ್ಜಿ ಹಾಡುತ್ತಿದ್ದ ಹಳೆಯ ಕೀರ್ತನೆ. ನನ್ನ ಅಧ್ಯಾಯಕ್ಕೆ ಬೇಕಾಗಬಹುದು ಎಂದು ಫೋನು ಕೈಗೆ ತೆಗೆದುಕೊಂಡು, ರೆಕಾರ್ಡ್ ಒತ್ತದೆ ಕೆಳಗೆ ಇಟ್ಟೆ. ಆ ಹೊತ್ತಿನಲ್ಲಿ ಅದು ಆಕರ ಸಾಮಗ್ರಿ ಆಗಿರಲಿಲ್ಲ. ಎಣ್ಣೆ ಕಾದಿತ್ತು, ಎರಡನೇ ಚರಣಕ್ಕೆ ಅಕ್ಕನೂ ದನಿ ಸೇರಿಸಿದಳು, ನಾನು ಝಾರಿ ಹಿಡಿದುಕೊಂಡೇ ಹಾಡಿದೆ. ಅವ್ವ ಮರಿಯಳಾಗಿ ಕೂತಿದ್ದಳು, ನಾವಿಬ್ಬರು ಮಾರ್ಥರು. ಅವ್ವನಿಗೆ ಹಾಗೆಂದು ಹೇಳಿದಾಗ, "ನಾಳಿ ನೀವ್ ಕುಂದರ್ರಿ, ನಾ ಕರೀತೀನಿ," ಎಂದಳು.

25ರ ಬೆಳಿಗ್ಗೆ ಆರಾಧನೆ, ಕರ್ತನ ಭೋಜನ. ಹಳೆಯ ಸೀರೆಯನ್ನೇ ಇಸ್ತ್ರಿ ಮಾಡಿಸಿ ಉಟ್ಟಿದ್ದ ಅವ್ವ ಎರಡೂ ಕೈ ಒಡ್ಡಿ ರೊಟ್ಟಿ ತೆಗೆದುಕೊಂಡಳು. ಮಧ್ಯಾಹ್ನ ಇಪ್ಪತ್ತೆರಡು ತಾಟು ಓಣಿಗೆ ಹೋದವು. ಬಣ್ಣ ಕಾಣದ ನಮ್ಮ ಗೋಡೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. 26 ಗುರುವಾರ, ಮತ್ತೆ ಮೆಣಸಿನಕಾಯಿ.

ನಮ್ಮ ಕಡೆ ತಿನಿಸು ಬಂದ ತಾಟನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಆ ವರ್ಷ ಎಳ್ಳ ಅಮಾಸಿ 30ಕ್ಕೆ ಬಿದ್ದಿತ್ತು, ಅದಕ್ಕೇ ತಾಟುಗಳು ನಾಲ್ಕೈದು ದಿನ ಅವರವರ ಮನೆಯಲ್ಲೇ ಉಳಿದವು. ಅಮಾಸಿಯ ಬೆಳಿಗ್ಗೆ ಒಂದೊಂದಾಗಿ ಬರತೊಡಗಿದವು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಎದುರು ಮನೆಯ ಅಮ್ಮಾರು ತಾಟಿನ ಜೊತೆ ತಾವೇ ಬಂದು, ಚರಗ ಚೆಲ್ಲಲು ಹೊಲಕ್ಕೆ ಗಾಡಿ ಹೊರಟಿದೆ, ಕೂಸನ್ನೂ ಕರೆದುಕೊಂಡು ಎಲ್ಲರೂ ಬರ್ರಿ ಎಂದರು. ನನ್ನ ಪ್ರಗತಿ ವರದಿಯ ಕೊನೆಯ ನಾಲ್ಕು ಪುಟ ಬಾಕಿ ಇತ್ತು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ.